ಬಡಗಿಯ ಮಗ ಬಿನಿಯಮ್ ಗಿರ್ಮಾಯ್: ಅಸ್ಮಾರಾದಿಂದ ಟೂರ್ ಡಿ ಫ್ರಾನ್ಸ್‌ವರೆಗಿನ ಮೊದಲ ಆರು ವರ್ಷ

2024ರ ಜುಲೈ 1, ಸೋಮವಾರ ಸಂಜೆ. ಇಟಲಿಯ ಟ್ಯೂರಿನ್ ನಗರದ ರಸ್ತೆ. ಪಿಯಾಚೆನ್ಜಾ ಊರಿಂದ ಬೆಳಗ್ಗೆ ಹೊರಟ ಸೈಕಲ್ ಸವಾರರ ಗುಂಪು 230 ಕಿ.ಮೀ. ದಾಟಿ ಕೊನೆಯ ನೇರ ರಸ್ತೆಗೆ ಬಂದಿತ್ತು. ಸ್ವಲ್ಪ ಹಿಂದೆಯಷ್ಟೇ ಗುಂಪಲ್ಲಿ ಕೆಲವರು ಬಿದ್ದು, ಹಲವರು ಹಿಂದೆ ಉಳಿದಿದ್ದರು. ಬಲಗಡೆ ಅಡ್ಡಗಟ್ಟೆಯ ಪಕ್ಕದ ಕಿರಿದಾದ ಜಾಗದಲ್ಲಿ ನುಗ್ಗಿ ಬಂದ ಒಬ್ಬ ಸವಾರ ಮೊದಲು ಗೆರೆ ದಾಟಿದರು. ಟೂರ್ ಡಿ ಫ್ರಾನ್ಸ್ ಶುರುವಾಗಿದ್ದು 1903ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಒಬ್ಬ ಕಪ್ಪು ವರ್ಣದ ಆಫ್ರಿಕನ್ ಸವಾರ ಅದರ ಒಂದು ಹಂತ ಗೆದ್ದದ್ದು ಅವತ್ತೇ ಮೊದಲು.

ಅವರ ಹೆಸರು ಬಿನಿಯಮ್ ಗಿರ್ಮಾಯ್. ದೇಶ ಎರಿಟ್ರಿಯಾ. ಅವತ್ತು ವಯಸ್ಸು 24.

(ಕಪ್ಪು ವರ್ಣದ ಅಂತ ಬಿಡಿಸಿ ಹೇಳೋದಕ್ಕೆ ಕಾರಣ ಇದೆ. ದಕ್ಷಿಣ ಆಫ್ರಿಕಾದ ಬಿಳಿಯ ಸವಾರ ರಾಬರ್ಟ್ ಹಂಟರ್ 2007ರಲ್ಲೇ ಒಂದು ಹಂತ ಗೆದ್ದಿದ್ದರು. ಕೆನ್ಯಾದಲ್ಲಿ ಹುಟ್ಟಿದ ಕ್ರಿಸ್ ಫ್ರೂಮ್ ಬ್ರಿಟನ್ ಪರವಾಗಿ ನಾಲ್ಕು ಸಲ ಇಡೀ ಟೂರ್ ಗೆದ್ದವರು.)

ನಮ್ಮ ವಿಜಯಪುರ, ಬಾಗಲಕೋಟೆ ಕಡೆಗೆ ಸೈಕಲ್ ರೇಸ್ ಹೊಸದಲ್ಲ. ಬೆಳಗಿನ ಜಾವ ಹೆದ್ದಾರಿ ಪಕ್ಕ ಸಾಲಾಗಿ ಹೋಗುವ ಹುಡುಗ ಹುಡುಗಿಯರನ್ನು ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಎಲ್ಲರೂ ನೋಡಿದ್ದಾರೆ. ಆದರೂ ಭಾರತದ ಒಬ್ಬ ಸವಾರನೂ ಇಲ್ಲಿಯವರೆಗೆ ಟೂರ್ ಡಿ ಫ್ರಾನ್ಸ್‌ನಲ್ಲಿ ಓಡಿಲ್ಲ. ಹಾಗಾಗಿ ದೊಡ್ಡ ಶ್ರೀಮಂತಿಕೆ ಇಲ್ಲದ, ವರ್ಷಗಟ್ಟಲೆ ಯುದ್ಧ ಕಂಡ ಒಂದು ದೇಶದ ಬಡಗಿಯ ಮಗ ಅಲ್ಲಿಗೆ ಹೇಗೆ ಮುಟ್ಟಿದ, ಯಾವ ಮೆಟ್ಟಿಲಲ್ಲಿ ಯಾರು ಕೈ ಹಿಡಿದರು, ಎಲ್ಲಿ ಕಾಲು ಜಾರುವುದರಲ್ಲಿತ್ತು ಅನ್ನೋದು ಇಲ್ಲಿನ ಓದುಗರಿಗೆ ಬೇಕಾದ ಮಾಹಿತಿ.

ಹೆಸರಿನ ವಿಷಯ

ಪೂರ್ತಿ ಹೆಸರು ಬಿನಿಯಮ್ ಗಿರ್ಮಾಯ್ ಹೈಲು. ಹುಟ್ಟಿದ್ದು 2000ನೇ ಇಸವಿ ಏಪ್ರಿಲ್ 2ರಂದು, ಎರಿಟ್ರಿಯಾದ ರಾಜಧಾನಿ ಅಸ್ಮಾರಾದಲ್ಲಿ. ಟಿವಿಯಲ್ಲಿ ಯೂರೋಪಿನ ಕಾಮೆಂಟ್ರಿಯವರು 'ಗಿರ್ಮಾಯ್, ಗಿರ್ಮಾಯ್' ಅಂತ ಕೂಗುತ್ತಾರಲ್ಲ, ಅದು ಅವರ ತಂದೆಯ ಹೆಸರು! ಎರಿಟ್ರಿಯಾದಲ್ಲಿ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿ ಇಲ್ಲ. ಮಗನ ಹೆಸರು, ಆಮೇಲೆ ಅಪ್ಪನ ಹೆಸರು, ಆಮೇಲೆ ಅಜ್ಜನ ಹೆಸರು. ನಮ್ಮಲ್ಲೂ ಶಾಲೆಯ ದಾಖಲೆಯಲ್ಲಿ ಹೆಸರಿನ ಜೊತೆ ಅಪ್ಪನ ಹೆಸರು ಸೇರಿಸ್ತಾರೆ, ಹೆಚ್ಚುಕಡಿಮೆ ಅದೇ ಲೆಕ್ಕ. ಈ ಬರಹದಲ್ಲಿ ಅವರನ್ನು ಬಿನಿಯಮ್ ಅಂತಲೇ ಕರೆಯಲಾಗಿದೆ.

ತಂದೆ ಬಡಗಿ ಕೆಲಸದವರು. ಹುಡುಗ ಮೊದಲು ಹತ್ತಿದ್ದು ಮೌಂಟೇನ್ ಬೈಕ್. ರಸ್ತೆ ರೇಸಿನ ತೆಳು ಚಕ್ರದ ಸೈಕಲ್ ಬಂದದ್ದು ಆಮೇಲೆ. ಮನೆತನದಲ್ಲಿ ಸೈಕಲ್ ಹೊಸದಾಗಿರಲಿಲ್ಲ. ಸಂಬಂಧದಲ್ಲಿ ಅಣ್ಣನಾಗಬೇಕಾದ ಮೆರೊನ್ ತೆಶೋಮೆ ಕೂಡ ಜರ್ಮನಿಯ ಒಂದು ತಂಡದಲ್ಲಿ ವೃತ್ತಿಪರ ಸವಾರರಾಗಿದ್ದರು.

ಸೈಕಲ್ಲೇ ಮೊದಲ ಆಟವಾದ ದೇಶ

ಆಫ್ರಿಕಾದ ಬಹಳಷ್ಟು ದೇಶಗಳಲ್ಲಿ ಫುಟ್‌ಬಾಲ್ ಅಂದ್ರೆ ಪ್ರಾಣ. ಎರಿಟ್ರಿಯಾದಲ್ಲಿ ಮಾತ್ರ ಸೈಕಲ್. ಇದಕ್ಕೆ ಇತಿಹಾಸ ಇದೆ. 1890ರಿಂದ 1941ರವರೆಗೆ ಈ ನಾಡು ಇಟಲಿಯ ವಸಾಹತು. ಇಟಲಿಯವರು ಅಸ್ಮಾರಾಕ್ಕೆ ಕಾಫಿ ಯಂತ್ರ, ಸಿನಿಮಾ ಮಂದಿರ, ಚಂದದ ಕಟ್ಟಡಗಳ ಜೊತೆ ಸೈಕಲ್ಲನ್ನೂ ತಂದರು. ಆ ಕಟ್ಟಡಗಳ ಕಾರಣಕ್ಕೇ 2017ರಲ್ಲಿ ಯುನೆಸ್ಕೊ ಅಸ್ಮಾರಾವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಮೊದಮೊದಲು ರೇಸ್ ಇಟಲಿಯವರಿಗೆ ಮಾತ್ರ, ಸ್ಥಳೀಯರು ದಡದಲ್ಲಿ ನಿಂತು ನೋಡಬೇಕು. 1939ರಲ್ಲಿ ಇಬ್ಬರನ್ನೂ ಒಟ್ಟಿಗೆ ಓಡಿಸಿದ ಒಂದು ರೇಸ್ ನಡೆಯಿತು. ಗೆದ್ದದ್ದು ಗೆಬ್ರೆಮರಿಯಮ್ ಗೆಬ್ರು ಅನ್ನುವ ಎರಿಟ್ರಿಯಾದವನೇ. ಆಳುವವರ ಆಟದಲ್ಲಿ ಆಳುವವರನ್ನೇ ಸೋಲಿಸಿದ ಈ ಕಥೆಯನ್ನು ಅಲ್ಲಿಯ ಜನ ಇವತ್ತಿಗೂ ಹೇಳುತ್ತಾರೆ. 1946ರಲ್ಲಿ ಮೊದಲ 'ಜಿರೊ ಡಿ ಎರಿಟ್ರಿಯಾ' ನಡೆಯಿತು. ಆಮೇಲೆ ಇಥಿಯೋಪಿಯಾ ಜೊತೆ ಮೂವತ್ತು ವರ್ಷದ ಸ್ವಾತಂತ್ರ್ಯ ಯುದ್ಧ, 1993ರಲ್ಲಿ ಸ್ವತಂತ್ರ ದೇಶ, ಮತ್ತೆ 1998ರಿಂದ 2000ದವರೆಗೆ ಗಡಿ ಯುದ್ಧ. ಬಿನಿಯಮ್ ಹುಟ್ಟಿದ್ದು ಆ ಎರಡನೇ ಯುದ್ಧದ ಕೊನೆಯ ವರ್ಷದಲ್ಲಿ. ಯುದ್ಧ ನಿಂತ ಮರುವರ್ಷವೇ, 2001ರಲ್ಲಿ, ದೇಶದ ಸೈಕಲ್ ಪ್ರವಾಸದ ರೇಸ್ ಮತ್ತೆ ಶುರುವಾಯಿತು.

ಇನ್ನೊಂದು ಅನುಕೂಲ ಭೂಮಿಯದು. ಅಸ್ಮಾರಾ ಇರೋದು ಸಮುದ್ರ ಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಶಿಖರವೇ 1,930 ಮೀಟರ್. ಅಂದ್ರೆ ಮುಳ್ಳಯ್ಯನಗಿರಿ ತುದಿಗಿಂತ ಮೇಲೆ ಒಂದು ಪಟ್ಟಣ ಇದ್ದು, ಅಲ್ಲಿಯ ಮಕ್ಕಳು ದಿನಾ ಸೈಕಲ್ ತುಳಿದು ಶಾಲೆಗೆ ಹೋಗ್ತಾರೆ ಅಂತ ಲೆಕ್ಕ ಹಾಕಿ. ಆ ಎತ್ತರದಲ್ಲಿ ಗಾಳಿ ತೆಳು, ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ಅದಕ್ಕೆ ಹೊಂದಿಕೊಳ್ಳಲು ದೇಹ ಕೆಂಪು ರಕ್ತಕಣ ಹೆಚ್ಚು ಮಾಡಿಕೊಳ್ಳುತ್ತದೆ. ಯೂರೋಪಿನ ದೊಡ್ಡ ತಂಡಗಳು ದುಡ್ಡು ಕೊಟ್ಟು ಬೆಟ್ಟದ ಮೇಲೆ ವಾರಗಟ್ಟಲೆ ಶಿಬಿರ ಹಾಕೋದು ಇದಕ್ಕೇ. ಅಸ್ಮಾರಾದಿಂದ ಕೆಂಪು ಸಮುದ್ರದ ಮಸ್ಸಾವಾ ಬಂದರಿಗೆ ಸುಮಾರು 115 ಕಿ.ಮೀ. ಹೋಗುವಾಗ ಪೂರ್ತಿ ಇಳಿಜಾರು, ಬರುವಾಗ ಪೂರ್ತಿ ಏರು.

2015ರಲ್ಲಿ ಎರಿಟ್ರಿಯಾದ ಡೇನಿಯಲ್ ತೆಕ್ಲೆಹೈಮಾನೋತ್ ಮತ್ತು ಮೆರ್ಹಾವಿ ಕುದುಸ್ ಟೂರ್ ಡಿ ಫ್ರಾನ್ಸ್‌ಗೆ ಇಳಿದರು. ಡೇನಿಯಲ್ ಕೆಲವು ದಿನ ಬೆಟ್ಟದ ರಾಜನ ಚುಕ್ಕೆ ಜರ್ಸಿಯನ್ನೂ ಹಾಕಿಕೊಂಡರು. ಆಗ ಬಿನಿಯಮ್‌ಗೆ 15 ವರ್ಷ. ನಮ್ಮ ಊರಿನವನೊಬ್ಬ ಅಲ್ಲಿ ಇದ್ದಾನೆ ಅಂತ ಟಿವಿಯಲ್ಲಿ ನೋಡಿದ ಮೇಲೆ ಆ ವಯಸ್ಸಿನ ಹುಡುಗರಿಗೆ ಬೇರೆ ಭಾಷಣ ಬೇಕಾಗಲ್ಲ.

2018: ಮೂರು ಚಿನ್ನ, ಒಂದು ಹಾಸಿಗೆ

ಸೈಕ್ಲಿಂಗ್‌ನಲ್ಲಿ 17, 18 ವರ್ಷದವರು ಜೂನಿಯರ್. 19ರಿಂದ 22ರವರೆಗೆ '23ರೊಳಗಿನವರು' ಅನ್ನುವ ವಿಭಾಗ. ಎಷ್ಟೋ ಹುಡುಗರು ಕಳೆದುಹೋಗೋದು ಈ ಐದಾರು ವರ್ಷದಲ್ಲೇ. ಹೈಸ್ಕೂಲಿನಲ್ಲಿ ಪದಕ ಬಂದಿರುತ್ತೆ, ಊರಲ್ಲಿ ಸನ್ಮಾನ ಆಗಿರುತ್ತೆ, ಶಾಲು ಹೊದಿಸಿ ಫೋಟೊನೂ ತೆಗೆದಿರುತ್ತಾರೆ. ಆಮೇಲೆ? ಊಟ, ಬಾಡಿಗೆ, ಟೈರು, ಪ್ರಯಾಣ ಯಾರ ಖರ್ಚು ಅನ್ನೋ ಪ್ರಶ್ನೆಗೆ ಉತ್ತರ ಸಿಗದೆ ಸೈಕಲ್ ಗೋಡೆಗೆ ಒರಗುತ್ತೆ.

2018ರ ಫೆಬ್ರುವರಿಯಲ್ಲಿ ರುವಾಂಡಾದ ಕಿಗಾಲಿಯಲ್ಲಿ ಆಫ್ರಿಕಾ ಖಂಡದ ಚಾಂಪಿಯನ್‌ಷಿಪ್ ನಡೆಯಿತು. ಜೂನಿಯರ್ ವಿಭಾಗದಲ್ಲಿ ಬಿನಿಯಮ್ ಮೂರು ಚಿನ್ನ ಗೆದ್ದರು: ರಸ್ತೆ ರೇಸ್, ಒಬ್ಬರೇ ಓಡುವ ಟೈಮ್ ಟ್ರಯಲ್, ತಂಡದ ಟೈಮ್ ಟ್ರಯಲ್. (ಇದೇ ಕಿಗಾಲಿಯಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು, ಆಫ್ರಿಕಾದಲ್ಲಿ ಅದೇ ಮೊದಲು.)

ಪದಕಕ್ಕಿಂತ ದೊಡ್ಡ ಲಾಭ ಆಮೇಲೆ ಸಿಕ್ಕಿತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ಸ್ವಿಟ್ಜರ್ಲೆಂಡ್‌ನ ಎಗ್ಲ್ ಅನ್ನುವ ಚಿಕ್ಕ ಊರಲ್ಲಿ 2002ರಿಂದ ವಿಶ್ವ ಸೈಕ್ಲಿಂಗ್ ಕೇಂದ್ರ ನಡೆಸುತ್ತಿದೆ. ಸೈಕ್ಲಿಂಗ್ ವ್ಯವಸ್ಥೆ ಬೆಳೆಯದ ದೇಶಗಳ ಹುಡುಗ ಹುಡುಗಿಯರಿಗೆ ಅಲ್ಲಿ ಇರಲು ಕೋಣೆ, ಕೋಚ್, ಸೈಕಲ್, ಮೆಕ್ಯಾನಿಕ್ ಎಲ್ಲ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಯೂರೋಪಿನ ರೇಸುಗಳಲ್ಲಿ ಓಡುವ ಅವಕಾಶ ಸಿಗುತ್ತದೆ. ಫ್ರೂಮ್ ಕೂಡ ಅಲ್ಲಿ ಕಲಿತವರೇ. 2018ರಲ್ಲಿ ಬಿನಿಯಮ್ ಅಲ್ಲಿಗೆ ಹೋದರು.

ಯೂರೋಪ್ ಯಾಕೆ ಬೇಕು ಅಂದ್ರೆ, ನೂರೈವತ್ತು ಜನರ ಗುಂಪಲ್ಲಿ ಓಡೋದನ್ನು ಒಬ್ಬನೇ ಹೆದ್ದಾರಿಯಲ್ಲಿ ತುಳಿದು ಕಲಿಯೋಕೆ ಆಗಲ್ಲ. ಮುಂದಿನವನ ಹಿಂದೆ ಅಂಟಿಕೊಂಡು ಗಾಳಿ ಮರೆಯಲ್ಲಿ ಹೋದರೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಶಕ್ತಿ ಉಳಿಯುತ್ತದೆ. ಹಾಗೆ ಉಳಿಸಿದ್ದನ್ನು ಕೊನೆಯ 200 ಮೀಟರ್‌ನಲ್ಲಿ ಖರ್ಚು ಮಾಡುವವನೇ ಸ್ಪ್ರಿಂಟರ್. ಮುಂದಿನ ಚಕ್ರಕ್ಕೂ ತನ್ನ ಚಕ್ರಕ್ಕೂ ಒಂದು ಗೇಣು ಅಂತರ, ವೇಗ ಗಂಟೆಗೆ 60 ಕಿ.ಮೀ. ಮೇಲೆ, ಎಡಬಲಕ್ಕೆ ಮೊಣಕೈ ತಾಗುತ್ತಿರುತ್ತದೆ. ಅಲ್ಲಿ ಹೆದರಿ ಬ್ರೇಕ್ ಹಿಡಿದವನು ಹಿಂದೆ ಬೀಳುತ್ತಾನೆ, ಅಡ್ಡಾದಿಡ್ಡಿ ಹಿಡಿದರೆ ಹತ್ತು ಜನರನ್ನು ಬೀಳಿಸುತ್ತಾನೆ.

ಆ ವರ್ಷವೇ ಬೆಲ್ಜಿಯಂನ ಒಂದು ಜೂನಿಯರ್ ರೇಸಿನಲ್ಲಿ ಬಿನಿಯಮ್ ಮೊದಲ ಹಂತ ಗೆದ್ದರು. ಅಲ್ಲಿ ಸೋತವರಲ್ಲಿ ಬೆಲ್ಜಿಯಂನವನೇ ಆದ ರೆಮ್ಕೊ ಎವೆನೆಪೂಲ್ ಕೂಡ ಇದ್ದ. ಅದೇ ವರ್ಷ ಜೂನಿಯರ್ ವಿಶ್ವ ಚಾಂಪಿಯನ್ ಆಗಿ, ಮುಂದೆ ದೊಡ್ಡವರ ವಿಶ್ವ ಪ್ರಶಸ್ತಿ, ಪ್ಯಾರಿಸ್ ಒಲಿಂಪಿಕ್ಸ್‌ನ ಎರಡು ಚಿನ್ನ ಗೆದ್ದ ಅದೇ ಎವೆನೆಪೂಲ್. ಆ ರೇಸಿನ ಒಟ್ಟು ಪ್ರಶಸ್ತಿ ಎವೆನೆಪೂಲ್ ಪಾಲಾಯಿತು, ಅದು ಬೇರೆ ಮಾತು. ಒಂದು ದಿನದ ಮಟ್ಟಿಗಾದರೂ ಅಸ್ಮಾರಾದ ಹುಡುಗ ಆ ವಯಸ್ಸಿನ ಜಗತ್ತಿನ ಅತ್ಯುತ್ತಮ ಸವಾರನಿಗಿಂತ ಮುಂದೆ ಇದ್ದ.

2019ರ ಜನವರಿಯಲ್ಲಿ ಗ್ಯಾಬೊನ್ ದೇಶದ 'ಟ್ರೋಪಿಕಾಲ್ ಅಮಿಸ್ಸಾ ಬೊಂಗೊ' ರೇಸಿನಲ್ಲಿ ಒಂದು ಹಂತ ಗೆದ್ದರು, ಆಗಿನ್ನೂ 18 ವರ್ಷ. ಟೂರ್ ಡಿ ಫ್ರಾನ್ಸ್‌ನಲ್ಲಿ 11 ಹಂತ ಗೆದ್ದ ಜರ್ಮನಿಯ ಆಂದ್ರೆ ಗ್ರೈಪಲ್ ಕೂಡ ಆ ಸಲ ಅಲ್ಲಿಗೆ ಬಂದಿದ್ದರು. ಅಷ್ಟು ಸಾಕಾಯಿತು, ಫ್ರಾನ್ಸಿನಿಂದ ಕರೆ ಬಂತು.

ಸಂಬಳ ಎಲ್ಲಿಂದ ಬರುತ್ತೆ?

ಇಲ್ಲಿ ಸ್ವಲ್ಪ ವ್ಯಾಪಾರದ ಲೆಕ್ಕ ಹೇಳಬೇಕು. ಕ್ರಿಕೆಟ್‌ನಲ್ಲಿ ಕ್ರೀಡಾಂಗಣಕ್ಕೆ ಟಿಕೆಟ್ ಇದೆ, ಮಂಡಳಿಗೆ ಟಿವಿ ಹಕ್ಕಿನ ಹಣ ಇದೆ. ಸೈಕಲ್ ರೇಸ್ ನಡೆಯೋದು ಸಾರ್ವಜನಿಕ ರಸ್ತೆಯಲ್ಲಿ. ನೋಡೋಕೆ ಬಂದವರು ದಡದಲ್ಲಿ ಪುಕ್ಕಟೆ ನಿಲ್ಲುತ್ತಾರೆ. ಹಾಗಾಗಿ ತಂಡಗಳು ಬದುಕೋದು ಪ್ರಾಯೋಜಕರ ಹಣದಿಂದ. ಅಂಗಿಯ ಮೇಲೆ ಕಂಪನಿ ಹೆಸರು, ತಂಡದ ಹೆಸರೇ ಕಂಪನಿ ಹೆಸರು. ಕಂಪನಿ ಕೈ ಎತ್ತಿದ ದಿನ ತಂಡ ಮುಚ್ಚುತ್ತೆ, ಅಷ್ಟೇ.

ಬಹುಮಾನದ ಹಣದಲ್ಲಿ ಬದುಕಬಹುದಲ್ಲ ಅಂತ ಕೇಳಬಹುದು. ಟೂರ್ ಡಿ ಫ್ರಾನ್ಸ್‌ನ ಒಂದು ಹಂತ ಗೆದ್ದರೆ ಸಿಗೋದು 11,000 ಯೂರೊ. ಅದನ್ನೂ ಗೆದ್ದವನೊಬ್ಬನೇ ಜೇಬಿಗೆ ಹಾಕಿಕೊಳ್ಳಲ್ಲ. ಗಾಳಿ ಹೊಡೆದ ಜೊತೆಗಾರರು, ಮೆಕ್ಯಾನಿಕ್, ಮಸಾಜ್ ಮಾಡುವವರ ನಡುವೆ ಹಂಚಿಕೊಳ್ಳುವ ರೂಢಿ ಇದೆ. ಬಾಳು ನಡೆಯೋದು ಸಂಬಳದಿಂದಲೇ.

ಪುರುಷರ ವೃತ್ತಿಪರ ತಂಡಗಳಲ್ಲಿ ಮೂರು ದರ್ಜೆ. ಮೇಲೆ ವರ್ಲ್ಡ್ ಟೂರ್, ಅದರ ಕೆಳಗೆ ಪ್ರೊ ಟೀಮ್, ಅದರ ಕೆಳಗೆ ಕಾಂಟಿನೆಂಟಲ್. 2020ರಲ್ಲಿ ಬಿನಿಯಮ್ ಸೇರಿದ್ದು ಎರಡನೇ ದರ್ಜೆಯ ಡೆಲ್ಕೊ ಅನ್ನುವ ಫ್ರಾನ್ಸಿನ ತಂಡ. ಹೋದ ತಿಂಗಳಲ್ಲೇ ಗ್ಯಾಬೊನ್ ರೇಸಿನಲ್ಲಿ ಮತ್ತೆ ಎರಡು ಹಂತ ಗೆದ್ದುಕೊಟ್ಟರು. ಮಾರ್ಚ್‌ನಲ್ಲಿ ಕೋವಿಡ್ ಬಂತು, ರೇಸುಗಳೆಲ್ಲ ನಿಂತವು. 2021ರ ಹೊತ್ತಿಗೆ ತಂಡಕ್ಕೇ ಹಣದ ಅಡಚಣೆ. ಆ ವರ್ಷದ ಕೊನೆಗೆ ತಂಡ ಮುಚ್ಚಿಹೋಯಿತು.

21 ವರ್ಷ ವಯಸ್ಸು. ಪರದೇಶ. ಆಫ್ರಿಕಾದ ಸವಾರರಿಗೆ ವೀಸಾ ಸಿಗೋದೇ ದೊಡ್ಡ ತಲೆನೋವು, ವೀಸಾ ತಡವಾಗಿ ರೇಸ್ ತಪ್ಪಿಸಿಕೊಂಡವರು ಎಷ್ಟೋ ಜನ. ತಂಡ ಇಲ್ಲ ಅಂದ್ರೆ ಯೂರೋಪಿನಲ್ಲಿ ಇರೋಕೆ ಕಾರಣವೂ ಇಲ್ಲ. ಊರಲ್ಲಿ ನೋಡಿದರೆ ಕಡ್ಡಾಯ ರಾಷ್ಟ್ರಸೇವೆ ಇರುವ ದೇಶ, ಒಮ್ಮೆ ವಾಪಸ್ ಹೋದರೆ ಮತ್ತೆ ಹೊರಡೋದು ಎಲ್ಲರಿಗೂ ಸುಲಭ ಅಲ್ಲ. ಬಿನಿಯಮ್ ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಕಾಲಿನ ಶಕ್ತಿಯಲ್ಲಿ ಕಡಿಮೆ ಇಲ್ಲದ ಎಷ್ಟೋ ಹುಡುಗರ ಕಥೆ ಮುಗಿದದ್ದು ಹೀಗೇ.

2021ರ ಆಗಸ್ಟ್‌ನಲ್ಲಿ, ಹಂಗಾಮಿನ ನಡುವೆಯೇ, ಬೆಲ್ಜಿಯಂನ ಇಂಟರ್‌ಮಾರ್ಶೆ-ವಾಂಟಿ-ಗೋಬೆರ್ ತಂಡ ಅವರನ್ನು ತೆಗೆದುಕೊಂಡಿತು. ಇಂಟರ್‌ಮಾರ್ಶೆ ಅಂದ್ರೆ ಫ್ರಾನ್ಸಿನ ಒಂದು ಸೂಪರ್ ಮಾರ್ಕೆಟ್ ಸರಣಿ. ಅಕ್ಕಿ, ಎಣ್ಣೆ, ಸೋಪು ಮಾರುವ ಅಂಗಡಿಯ ಹೆಸರನ್ನೇ ಎದೆ ಮೇಲೆ ಹಾಕಿಕೊಂಡು ಓಡುವ ತಂಡ. ವರ್ಲ್ಡ್ ಟೂರ್ ದರ್ಜೆಗೆ ಅದೇ ವರ್ಷ ಬಡ್ತಿ ಪಡೆದಿತ್ತು, ಆ ದರ್ಜೆಯಲ್ಲಿ ಸಣ್ಣ ಬಜೆಟ್ಟಿನ ತಂಡಗಳಲ್ಲಿ ಒಂದು. ದೊಡ್ಡ ತಂಡಗಳು ಕೋಟಿಗಟ್ಟಲೆ ಕೊಟ್ಟು ಹೆಸರಾದವರನ್ನು ಕೊಳ್ಳುತ್ತವೆ. ಸಣ್ಣ ತಂಡಕ್ಕೆ ಉಳಿದ ದಾರಿ ಯಾರೂ ಕೊಳ್ಳದವರಲ್ಲಿ ಒಳ್ಳೆಯವನನ್ನು ಹುಡುಕೋದು. ಅವರ ಈ ಖರೀದಿ ಯಾವ ಲೆಕ್ಕದಲ್ಲಿ ನೋಡಿದರೂ ಭಾರಿ ಲಾಭದ್ದು.

ಸೇರಿದ ಕೆಲವೇ ವಾರದಲ್ಲಿ ಫ್ರಾನ್ಸಿನ ಬೆಸಾನ್ಸೊನ್ ರೇಸ್ ಗೆದ್ದರು. ಸೆಪ್ಟೆಂಬರ್ 24ರಂದು ಬೆಲ್ಜಿಯಂನ ಲೂವೆನ್‌ನಲ್ಲಿ 23ರೊಳಗಿನವರ ವಿಶ್ವ ಚಾಂಪಿಯನ್‌ಷಿಪ್. ಇಟಲಿಯ ಫಿಲಿಪ್ಪೊ ಬರೊಂಚಿನಿ ಒಬ್ಬರೇ ತಪ್ಪಿಸಿಕೊಂಡು ಮುಂದೆ ಹೋಗಿ ಎರಡು ಸೆಕೆಂಡ್ ಅಂತರದಲ್ಲಿ ಚಿನ್ನ ಗೆದ್ದರು. ಹಿಂದೆ ಉಳಿದ ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಬಂದವರು ಬಿನಿಯಮ್. ಬೆಳ್ಳಿ ಪದಕ. ರಸ್ತೆ ಸೈಕ್ಲಿಂಗ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಪ್ಪು ವರ್ಣದ ಆಫ್ರಿಕನ್ ಸವಾರನಿಗೆ ಅದು ಮೊದಲ ಪದಕ.

ಓಡಬೇಕಿರದ ರೇಸ್

2022ರ ಮಾರ್ಚ್. ಜನವರಿಯಲ್ಲಿ ಸ್ಪೇನ್‌ನ ಮಯೋರ್ಕಾ ದ್ವೀಪದಲ್ಲಿ ಒಂದು ರೇಸ್ ಗೆದ್ದು ಹಂಗಾಮು ಚೆನ್ನಾಗೇ ಶುರುವಾಗಿತ್ತು. ಆದರೆ ಅಸ್ಮಾರಾದಲ್ಲಿ ಹೆಂಡತಿ ಮತ್ತು ಪುಟ್ಟ ಮಗಳು. ಅವರನ್ನು ನೋಡದೆ ತಿಂಗಳುಗಳಾಗಿದ್ದವು. ಮಾರ್ಚ್ 25ರ ಶುಕ್ರವಾರ ಬೆಲ್ಜಿಯಂನ ಇ3 ರೇಸ್ ಮುಗಿಸಿ ಊರಿಗೆ ಹೊರಡುವ ಯೋಚನೆ. ಆ ರೇಸಿನಲ್ಲಿ 5ನೇ ಸ್ಥಾನ ಬಂತು. ಇಷ್ಟು ಚೆನ್ನಾಗಿ ಓಡ್ತಿದ್ದಾಗ ಭಾನುವಾರದ ರೇಸನ್ನೂ ಯಾಕೆ ಓಡಬಾರದು ಅಂತ ಮಾತಾಯಿತು. ಅದೊಂದು ಮುಗಿಸಿ ಹೋದರಾಯಿತು ಅಂತ ನಿಂತರು.

ಆ ಭಾನುವಾರದ್ದು ಗೆಂಟ್-ವೆವೆಲ್ಗೆಮ್. 1934ರಿಂದ ನಡೆದುಬಂದ ರೇಸ್, ದೂರ ಸುಮಾರು 249 ಕಿ.ಮೀ. ಬೆಂಗಳೂರಿಂದ ಹೊರಟು ದಾವಣಗೆರೆ ಹತ್ತಿರಕ್ಕೆ ಬಂದಷ್ಟು, ಅದೂ ಒಂದೇ ದಿನದಲ್ಲಿ. ಬಯಲಿನ ಅಡ್ಡಗಾಳಿ ಒಂದು ಕಡೆ, ಕಲ್ಲು ಹಾಸಿದ ಕೆಮೆಲ್‌ಬರ್ಗ್ ಗುಡ್ಡ ಇನ್ನೊಂದು ಕಡೆ. ಬೆಲ್ಜಿಯಂನವರಿಗೆ ಇಂಥ ಕಲ್ಲು ರಸ್ತೆಯ ರೇಸುಗಳು ನಮಗೆ ಊರ ಜಾತ್ರೆಯ ತೇರು ಇದ್ದ ಹಾಗೆ. ಹೊರಗಿನವರು ಬಂದು ಗೆಲ್ಲೋದು ಇದ್ದೇ ಇದೆ. ಆದರೆ ಆಫ್ರಿಕಾದವರು ಯಾರೂ ಅಲ್ಲಿಯವರೆಗೆ ಗೆದ್ದಿರಲಿಲ್ಲ.

ಕೊನೆಗೆ ನಾಲ್ಕು ಜನ ಮುಂದೆ ಉಳಿದರು. ಫ್ರಾನ್ಸಿನ ಕ್ರಿಸ್ಟೋಫ್ ಲಾಪೋರ್ಟ್, ಬೆಲ್ಜಿಯಂನ ಡ್ರೀಸ್ ವಾನ್ ಗೆಸ್ಟಲ್ ಮತ್ತು ಯಾಸ್ಪರ್ ಸ್ಟೌವನ್, ಜೊತೆಗೆ ಬಿನಿಯಮ್. ಹಿಂದೆ ದೊಡ್ಡ ಗುಂಪು ಅಟ್ಟಿಸಿಕೊಂಡು ಬರುತ್ತಿದೆ. ಇಂಥ ಹೊತ್ತಲ್ಲಿ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಧಾನ ಮಾಡುತ್ತಾರೆ. ಮೊದಲು ಜಿಗಿದವನಿಗೆ ಗಾಳಿ ಎದುರಾಗುತ್ತೆ, ಹಿಂದಿನವನು ಅವನ ಮರೆಯಲ್ಲಿ ಬಂದು ಕೊನೆಯಲ್ಲಿ ದಾಟಿಬಿಡುತ್ತಾನೆ. ಹಾಗಂತ ಎಲ್ಲರೂ ಕಾಯ್ತಾ ಕೂತರೆ ಹಿಂದಿನ ಗುಂಪು ಬಂದು ನುಂಗುತ್ತೆ. ಬಿನಿಯಮ್ ಕಾಯಲಿಲ್ಲ. ಇನ್ನೂ ಸಾಕಷ್ಟು ದೂರ ಇರುವಾಗಲೇ ಜಿಗಿದುಬಿಟ್ಟರು. ಲಾಪೋರ್ಟ್ ಬೆನ್ನಿಗೇ ಬಂದರೂ ಪಕ್ಕಕ್ಕೆ ಬರಲಾಗಲಿಲ್ಲ. ಗೆರೆ ದಾಟಿದ ಬಿನಿಯಮ್ ಎರಡೂ ಕೈ ತಲೆಗೆ ಹಿಡಿದುಕೊಂಡರು, ಅವರಿಗೇ ನಂಬಿಕೆ ಬಂದಿರಲಿಲ್ಲ.

ಮುಂದಿನ ಭಾನುವಾರ ಟೂರ್ ಆಫ್ ಫ್ಲಾಂಡರ್ಸ್. ಬೆಲ್ಜಿಯಂನ ಎಲ್ಲಕ್ಕಿಂತ ದೊಡ್ಡ ರೇಸ್. ಈಗ ಗೆದ್ದವನು ಅದನ್ನೂ ಓಡಲೇಬೇಕು ಅಂತ ಯಾರಾದರೂ ಹೇಳೋದೇ. ಆದರೆ ಬಿನಿಯಮ್ ಮೊದಲೇ ಅಂದುಕೊಂಡಂತೆ ಮನೆಗೆ ಹೊರಟರು. 22 ತುಂಬಲು ವಾರವೂ ಇರಲಿಲ್ಲ. ಅಸ್ಮಾರಾದಲ್ಲಿ ಜನ ರಸ್ತೆ ತುಂಬಾ ನಿಂತು ಬರಮಾಡಿಕೊಂಡರು. ಸಿಕ್ಕ ಅವಕಾಶ ಬಿಟ್ಟರು ಅಂತ ಅನ್ನುವವರು ಅನ್ನಬಹುದು. ಮುಂದಿನ ಎರಡು ವರ್ಷ ನೋಡಿದರೆ ಅವರು ಮಾಡಿದ್ದೇ ಸರಿ ಅನಿಸುತ್ತೆ.

ಬಾಟಲಿ ಬಿರಡೆ

ಮೇ ತಿಂಗಳಲ್ಲಿ ಜಿರೊ ಡಿ ಇಟಾಲಿಯಾ, ಮೂರು ವಾರದ ರೇಸ್. ಮೊದಲ ದಿನವೇ ಹಂಗೇರಿಯ ವಿಶೆಗ್ರಾದ್‌ನಲ್ಲಿ ನೆದರ್ಲೆಂಡ್ಸ್‌ನ ಮ್ಯಾಥ್ಯೂ ವಾನ್ ಡರ್ ಪೂಲ್ ಹಿಂದೆ ಎರಡನೇ ಸ್ಥಾನ. ಮೇ 17ರಂದು, ಹತ್ತನೇ ಹಂತ, ಯೇಜಿ ಊರಲ್ಲಿ ಅದೇ ವಾನ್ ಡರ್ ಪೂಲ್ ಜೊತೆ ಮತ್ತೆ ಮುಖಾಮುಖಿ. ಈ ಸಲ ಬಿನಿಯಮ್ ಮುಂದೆ. ಸೋತ ವಾನ್ ಡರ್ ಪೂಲ್ ಓಡುತ್ತಿದ್ದ ಸೈಕಲ್ ಮೇಲಿಂದಲೇ ಹೆಬ್ಬೆರಳು ಎತ್ತಿ ಶಹಬ್ಬಾಸ್ ಅಂದರು. ಇಟಲಿ, ಫ್ರಾನ್ಸ್, ಸ್ಪೇನ್‌ನ ಮೂರು ಮಹಾ ಪ್ರವಾಸಗಳಲ್ಲಿ ಹಂತ ಗೆದ್ದ ಮೊದಲ ಕಪ್ಪು ವರ್ಣದ ಆಫ್ರಿಕನ್ ಆದರು.

ಅರ್ಧ ಗಂಟೆಯೂ ಆಗಿರಲಿಲ್ಲ. ವೇದಿಕೆ ಮೇಲೆ ಗೆದ್ದವರಿಗೆ ಕೊಡುವ ನೊರೆ ವೈನಿನ ದೊಡ್ಡ ಬಾಟಲಿ. ನೆಲದ ಮೇಲಿಟ್ಟು ಬಗ್ಗಿ ತೆಗೆಯುವಾಗ ಬಿರಡೆ ಚಿಮ್ಮಿ ನೇರ ಎಡಗಣ್ಣಿಗೆ ಬಡಿಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಣ್ಣಿನ ಒಳಗೆ ರಕ್ತ ಬಂದಿತ್ತು. ಮರುದಿನ ರೇಸಿನಿಂದಲೇ ಹೊರಗೆ. ಸ್ಪ್ರಿಂಟರ್‌ಗೆ ಕಣ್ಣು ಅಂದ್ರೆ ಕಾಲಿನಷ್ಟೇ ಬಂಡವಾಳ. ಪುಣ್ಯಕ್ಕೆ ದೃಷ್ಟಿ ಉಳಿಯಿತು.

ಗೆಲುವಿಲ್ಲದ ಟೂರ್

2023 ಅಷ್ಟಕ್ಕಷ್ಟೆ. ಸ್ಪೇನ್‌ನಲ್ಲಿ ಒಂದು ಹಂತ ಗೆದ್ದರು, ಏಪ್ರಿಲ್‌ನಲ್ಲಿ ಫ್ಲಾಂಡರ್ಸ್ ರೇಸಿನಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು, ಜೂನ್‌ನಲ್ಲಿ ಸ್ವಿಟ್ಜರ್ಲೆಂಡ್ ಪ್ರವಾಸದಲ್ಲಿ ಒಂದು ಹಂತ ಗೆದ್ದರು. ಜುಲೈನಲ್ಲಿ ಮೊದಲ ಟೂರ್ ಡಿ ಫ್ರಾನ್ಸ್. ಇಡೀ ಖಂಡದ ಕಣ್ಣು ಒಬ್ಬನ ಮೇಲೆ. ಬೋರ್ಡೊ ಊರಲ್ಲಿ ಮೂರನೇ ಸ್ಥಾನ ಬಂದದ್ದೇ ದೊಡ್ಡದು, ಗೆಲುವು ಬರಲಿಲ್ಲ. 2024ರ ಮೇ ತಿಂಗಳ ಜಿರೊದಲ್ಲಿ ನಾಲ್ಕನೇ ದಿನವೇ ಮಳೆಯಲ್ಲಿ ಬಿದ್ದು ಮನೆಗೆ. ಆ ಗೆಂಟ್-ವೆವೆಲ್ಗೆಮ್ ಒಂದು ದಿನದ ಅದೃಷ್ಟ ಅಂತ ಮಾತಾಡಿಕೊಳ್ಳುವವರೂ ಇದ್ದರು.

ಹಸಿರು ಜರ್ಸಿ

ಆಮೇಲೆ ಬಂದದ್ದೇ ಮೊದಲು ಹೇಳಿದ ಟ್ಯೂರಿನ್ ಸಂಜೆ. ಅಲ್ಲಿಗೆ ನಿಲ್ಲಲಿಲ್ಲ. ಎಂಟನೇ ಹಂತದಲ್ಲಿ ಕೊಲೊಂಬೆ ಊರಿನ ಏರುದಾರಿಯಲ್ಲಿ ಬೆಲ್ಜಿಯಂನ ಯಾಸ್ಪರ್ ಫಿಲಿಪ್ಸನ್‌ರನ್ನು ಹಿಂದೆ ಹಾಕಿದರು. ಹನ್ನೆರಡನೇ ಹಂತದಲ್ಲಿ ವಿಲ್‌ನೂವ್‌ನಲ್ಲಿ ಇನ್ನೊಂದು. ಒಟ್ಟು ಮೂರು ಗೆಲುವು.

ಹಸಿರು ಜರ್ಸಿ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ: ಟೂರ್‌ನಲ್ಲಿ ಒಟ್ಟು ಸಮಯ ಕಡಿಮೆ ತೆಗೆದುಕೊಂಡವನಿಗೆ ಹಳದಿ, ಅಂಕ ಹೆಚ್ಚು ಗಳಿಸಿದವನಿಗೆ ಹಸಿರು. ಸಪಾಟು ಹಂತ ಗೆದ್ದರೆ 50 ಅಂಕ. ದಾರಿ ಮಧ್ಯದ ಗೆರೆಯೊಂದನ್ನು ಮೊದಲು ದಾಟಿದರೆ 20. ಹಾಗಾಗಿ ಬರೀ ಕೊನೆಯಲ್ಲಿ ಜಿಗಿಯುವವನಿಗೆ ಇದು ಸಿಗಲ್ಲ. ಮೂರು ವಾರ ದಿನಾ ಪೈಸೆ ಪೈಸೆ ಕೂಡಿಸುವ ಅಂಗಡಿಯವನ ಬುದ್ಧಿ ಬೇಕು. ಗುಡ್ಡ ಹತ್ತಿ ಬಲ್ಲವನಾದರೆ ಇನ್ನೂ ಒಳ್ಳೆಯದು, ದಪ್ಪ ಮೈಕಟ್ಟಿನ ಸ್ಪ್ರಿಂಟರ್‌ಗಳು ಹಿಂದೆ ಬಿದ್ದ ಕಡೆ ಅಂಕ ಬಾಚಬಹುದು. 2,300 ಮೀಟರ್ ಎತ್ತರದಲ್ಲಿ ಬೆಳೆದ ಬಿನಿಯಮ್‌ಗೆ ಅದು ಒದಗಿಬಂತು.

ಜುಲೈ 16, ಹದಿನಾರನೇ ಹಂತ, ನೀಮ್ ಊರು. ಗೆರೆ ಹತ್ತಿರ ಬರುತ್ತಿರುವಾಗ ಬಿನಿಯಮ್ ಬಿದ್ದರು. ಮೊಣಕೈ, ಮೊಣಕಾಲು ಕಿತ್ತುಹೋಯಿತು. ಆ ದಿನ ಗೆದ್ದದ್ದು ಬೆನ್ನಟ್ಟುತ್ತಿದ್ದ ಫಿಲಿಪ್ಸನ್ನೇ. ನಡುವಿನ ಅಂತರ 32 ಅಂಕಕ್ಕೆ ಇಳಿಯಿತು. ಮುಂದೆ ಆಲ್ಪ್ಸ್ ಬೆಟ್ಟಗಳು. ಗಾಯದ ಪಟ್ಟಿ ಕಟ್ಟಿಕೊಂಡು ಮರುದಿನ ಮತ್ತೆ ಹೊರಟರು. ಒಂದು ಹಂತವನ್ನು ಸಮಯಕ್ಕೆ ಸರಿಯಾಗಿ ಮುಗಿಸದಿದ್ದರೂ ರೇಸಿನಿಂದಲೇ ಔಟ್, ಕೂಡಿಸಿಟ್ಟ ಅಂಕವೆಲ್ಲ ಸೊನ್ನೆ. ತಂಡದ ಜೊತೆಗಾರರು ಅಕ್ಕಪಕ್ಕ ಇದ್ದು ಗುಡ್ಡ ದಾಟಿಸಿದರು.

ಒಲಿಂಪಿಕ್ಸ್ ತಯಾರಿಯ ಕಾರಣಕ್ಕೆ ಆ ವರ್ಷ ಟೂರ್ ಪ್ಯಾರಿಸ್‌ನಲ್ಲಿ ಮುಗಿಯಲಿಲ್ಲ, ಸಮುದ್ರ ತೀರದ ನೀಸ್‌ನಲ್ಲಿ ಮುಗಿಯಿತು. ಜುಲೈ 21ರ ಭಾನುವಾರ ಸಂಜೆ ಹಳದಿ ಜರ್ಸಿ ಸ್ಲೊವೇನಿಯಾದ ತಾದೇಯ್ ಪೊಗಾಚಾರ್‌ಗೆ ಹೋಯಿತು. ಹಸಿರು ಜರ್ಸಿ ಹಾಕಿಕೊಂಡು ವೇದಿಕೆ ಹತ್ತಿದವರು ಅಸ್ಮಾರಾದ ಬಿನಿಯಮ್. ಎದೆ ಮೇಲೆ ಆ ಅಂಗಡಿಯ ಹೆಸರೂ ಇತ್ತು.